ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬಿದ್ದರೂ ಬೇಸಗೆಯಲ್ಲಿ ನೇತ್ರಾವತಿ ಏಕೆ ಬತ್ತುತ್ತದೆ?

2019ರ ಮೇ ತಿಂಗಳಿನಲ್ಲಿ ನೇತ್ರಾವತಿಯ ನೀರು ತೀರ ಇಳಿದುಹೋಗಿ, ಭಕ್ತರು ತಮ್ಮ ಯಾತ್ರೆಯನ್ನು ಕೆಲವು ದಿನಗಳ ಮಟ್ಟಿಗೆ ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಮನವಿ ಮಾಡಬೇಕಾಯಿತು. ಅದೇ ದಿನಗಳಲ್ಲಿ ಮಂಗಳೂರಿನಲ್ಲಿ ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನ ನೀರನ್ನು ಸರದಿಯ ಮೇಲೆ ಬಿಡಲಾಗುತ್ತಿತ್ತು. ಉಡುಪಿಯಲ್ಲಿ ಬಜೆ ಅಣೆಕಟ್ಟು ಬರಿದಾಗಿ, ಸ್ವರ್ಣಾ ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪ್ ಹಚ್ಚಿ ಎತ್ತಿ ನಗರಕ್ಕೆ ಕೊಡುವ ಪರಿಸ್ಥಿತಿ ಬಂದಿತ್ತು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ಎರಡನೆಯ ವಾರದಲ್ಲಿ, ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಮಲವಂತಿಗೆಯ ಕಡೆ ಗುಡ್ಡಗಳು ಜರಿದವು, ತೋಟಗಳ ಮೇಲೆ ಕೆಸರು ಮತ್ತು ಬಂಡೆಗಳು ಹರಡಿಕೊಂಡವು, ಚಾರ್ಮಾಡಿ ಘಾಟಿಯ ಸಂಚಾರ ತಿಂಗಳುಗಟ್ಟಲೆ ನಿಂತುಹೋಯಿತು, ಬಂಟ್ವಾಳದಲ್ಲಿ ನೇತ್ರಾವತಿ ತನ್ನ 8.5 ಮೀಟರ್ ಅಪಾಯದ ಮಟ್ಟವನ್ನು ಮೀರಿ ಪೇಟೆಗೆ ನುಗ್ಗಿತು.

ಒಂದೇ ವರ್ಷದಲ್ಲಿ ಒಂದೇ ಹೊಳೆ ಹೀಗೆ ಎರಡು ತುದಿಗಳನ್ನು ಮುಟ್ಟಿದಾಗ, ಬರ ಮತ್ತು ನೆರೆ ಎರಡು ಬೇರೆ ಬೇರೆ ಸಮಸ್ಯೆಗಳು ಎಂದು ಭಾವಿಸಿ ಒಂದಕ್ಕೆ ಟ್ಯಾಂಕರ್, ಇನ್ನೊಂದಕ್ಕೆ ಗಂಜಿ ಕೇಂದ್ರ ಎಂದು ಪರಿಹಾರ ಹುಡುಕುವುದು ಆಡಳಿತದ ರೂಢಿ. ಅವೆರಡೂ ಒಂದೇ ಬದಲಾವಣೆಯ ಎರಡು ಮುಖಗಳು ಎಂಬುದನ್ನು ಹೊಳೆಯ ಹರಿವಿನ ಲೆಕ್ಕವೇ ತೋರಿಸುತ್ತದೆ. ಕರಾವಳಿಯ ಹೊಳೆಗಳಲ್ಲಿ ಮುಖ್ಯವಾಗಿ ಕೆಟ್ಟಿರುವುದು ಒಟ್ಟು ನೀರಿನ ಪ್ರಮಾಣವಲ್ಲ. ಆ ನೀರು ವರ್ಷದ ಯಾವ ಹೊತ್ತಿಗೆ, ಎಷ್ಟು ನಿಧಾನವಾಗಿ ಹೊಳೆಗೆ ಬಂದು ಸೇರುತ್ತದೆ ಎಂಬ ಕ್ರಮ.

ಒಂದು ಸಣ್ಣ ಲೆಕ್ಕ ಹಾಕಬಹುದು. ಬಂಟ್ವಾಳದಿಂದ ಮೇಲಕ್ಕೆ ನೇತ್ರಾವತಿ ಮತ್ತು ಕುಮಾರಧಾರಾ ನದಿಗಳಿಗೆ ನೀರುಣಿಸುವ ಪ್ರದೇಶದ ವಿಸ್ತೀರ್ಣ 3,000 ಚದರ ಕಿಲೋಮೀಟರಿಗೂ ಹೆಚ್ಚು. ಅಷ್ಟು ನೆಲದ ಮೇಲೆ ಸರಾಸರಿ 100 ಮಿಲಿಮೀಟರ್ ಮಳೆ ಬಿದ್ದರೆ, ಆಟಿಯ (ಜುಲೈ–ಆಗಸ್ಟ್) ದಿನಗಳಲ್ಲಿ ಇದು ಅಪರೂಪವೇನಲ್ಲ, ಬೀಳುವ ನೀರು ಸುಮಾರು 30 ಕೋಟಿ ಘನ ಮೀಟರ್, ಅಂದರೆ 10 ಟಿಎಂಸಿಗಿಂತ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು. ಮಂಗಳೂರು ನಗರದ ಬೇಡಿಕೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ಎಂದಿಟ್ಟುಕೊಂಡರೆ ವರ್ಷಕ್ಕೆ ಬೇಕಾಗುವುದು 2 ಟಿಎಂಸಿಯ ಆಸುಪಾಸು. ಒಂದು ದಿನದ ಜೋರು ಮಳೆಯಲ್ಲಿ ಈ ಕಣಿವೆಯ ಮೇಲೆ ಬೀಳುವ ನೀರು ನಗರದ ಐದು ವರ್ಷಗಳ ಬೇಡಿಕೆಗೆ ಸಮ ಎಂದಾಯಿತು. ದಕ್ಷಿಣ ಕನ್ನಡದ ವಾರ್ಷಿಕ ಮಳೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರವಿದೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಏಪ್ರಿಲ್ ಕೊನೆಗೆ ತುಂಬೆಯ ಅಣೆಕಟ್ಟಿನ ನೀರಿನ ಮಟ್ಟ ದಿನಪತ್ರಿಕೆಯ ಮುಖಪುಟದ ಸುದ್ದಿಯಾಗುತ್ತದೆ ಎಂದರೆ, ಕೊರತೆಯಿರುವುದು ಆಕಾಶದಲ್ಲಲ್ಲ.

ಹಿಮಾಲಯದ ನದಿಗಳಿಗೆ ಬೇಸಗೆಯಲ್ಲಿ ಕರಗುವ ಹಿಮವಿದೆ. ನಮ್ಮ ಹೊಳೆಗಳಿಗೆ ಅಂಥ ದಾಸ್ತಾನು ಇಲ್ಲ. ಕುದುರೆಮುಖದ ಸಾಲಿನಲ್ಲಿ ಹುಟ್ಟುವ ನೇತ್ರಾವತಿ ನೂರು ಕಿಲೋಮೀಟರಿನಷ್ಟು ಮಾತ್ರ ಹರಿದು ಉಳ್ಳಾಲದ ಬಳಿ ಸಮುದ್ರ ಸೇರುತ್ತದೆ. ಸ್ವರ್ಣಾ, ಸೀತಾ, ಶಾಂಭವಿ, ಸೌಪರ್ಣಿಕಾ ಇನ್ನೂ ಗಿಡ್ಡ ಹೊಳೆಗಳು. ಸಾವಿರ ಮೀಟರಿಗೂ ಮಿಕ್ಕ ಎತ್ತರದಿಂದ ಕಡಿದಾಗಿ ಇಳಿಯುವ ಇಂಥ ಹೊಳೆಗಳಲ್ಲಿ ನೆಲದ ಮೇಲೆಯೇ ಹರಿದು ಬಂದ ನೀರು ಒಂದೆರಡು ದಿನಗಳಲ್ಲಿ ಅಳಿವೆಯನ್ನು ದಾಟಿ ಹೋಗುತ್ತದೆ. ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವುದರಿಂದ, ಡಿಸೆಂಬರ್ ನಂತರ ಹೊಳೆಯಲ್ಲಿ ಕಾಣುವ ಪ್ರತಿ ಹನಿಯೂ ಮಳೆಗಾಲದಲ್ಲಿ ಮಣ್ಣಿನೊಳಗೆ ಇಳಿದು, ಗುಡ್ಡದ ಒಡಲಿನಲ್ಲಿ ತಿಂಗಳುಗಟ್ಟಲೆ ಮೆಲ್ಲಗೆ ಸರಿದು, ಒರತೆಯಾಗಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಂದದ್ದು. ಬೇಸಗೆಯ ಹೊಳೆ ಎಂದರೆ ತಡವಾಗಿ ಬಂದ ಮಳೆಗಾಲದ ನೀರು. ಈ ತಡವನ್ನು ಕಡಿಮೆ ಮಾಡುವ ಯಾವುದೇ ಬದಲಾವಣೆ ಜುಲೈಯ ನೆರೆಯನ್ನೂ ಮೇಯ ಬರವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ.

ಇಂಥ ಬದಲಾವಣೆ ಮೇಲಿನಿಂದಲೂ ಬಂದಿದೆ, ಕೆಳಗಿನಿಂದಲೂ ಬಂದಿದೆ. ಮೇಲಿನದು ಹವಾಮಾನ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಮೋಡಗಳು ಒಮ್ಮೆ ಸುರಿಯತೊಡಗಿದರೆ ಹೆಚ್ಚು ಸುರಿಯುತ್ತವೆ, ತೇವ ಮತ್ತೆ ಕೂಡಿಬರಲು ನಡುವೆ ಹೆಚ್ಚು ದಿನ ಬೇಕಾಗಬಹುದು. ನಮ್ಮ ಮಗ್ಗುಲಿನ ಅರಬ್ಬಿ ಸಮುದ್ರದ ಮೇಲ್ಮೈ ನಾಲ್ಕು ದಶಕಗಳ ಹಿಂದಿಗಿಂತ 1.2ರಿಂದ 1.4 ಡಿಗ್ರಿಯಷ್ಟು ಹೆಚ್ಚು ಬೆಚ್ಚಗಾಗಿದೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಈ ಸಮುದ್ರದಲ್ಲಿ ಏಳುವ ಚಂಡಮಾರುತಗಳ ಸಂಖ್ಯೆ 1982–2000ರ ಅವಧಿಗೆ ಹೋಲಿಸಿದರೆ 2001–2019ರಲ್ಲಿ ನೂರಕ್ಕೆ 52ರಷ್ಟು ಹೆಚ್ಚಿದೆ ಎಂಬುದೂ ಅವರ ಲೆಕ್ಕವೇ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದಾಗ ಬಿದ್ದ ಮಳೆಯನ್ನು ಪರಿಶೀಲಿಸಿದ ಅಂತಾರಾಷ್ಟ್ರೀಯ ತಂಡವೊಂದು, ತಾಪಮಾನ ಏರಿಕೆಯಿಂದಾಗಿ ಆ ಮಳೆ ನೂರಕ್ಕೆ ಹತ್ತರಷ್ಟು ಹೆಚ್ಚು ತೀವ್ರವಾಗಿತ್ತೆಂದು ಅಂದಾಜು ಮಾಡಿತು. ವಯನಾಡು ಇದೇ ಘಟ್ಟದ ಸಾಲಿನಲ್ಲಿ ನಮ್ಮಿಂದ ತುಸು ದಕ್ಷಿಣಕ್ಕಿದೆ ಅಷ್ಟೆ.

ಮಳೆ ಬರುವ ಹೊತ್ತೂ ಹೋಗುವ ಹೊತ್ತೂ ಅಳತೆ ತಪ್ಪುತ್ತಿವೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬುದು ತುಳುನಾಡಿನ ನಂಬಿಕೆ. 2025ರಲ್ಲಿ ಮುಂಗಾರು ಪತ್ತನಾಜೆಯ ಹೊತ್ತಿಗೇ, ಮೇ 24ರಂದು, ಕೇರಳವನ್ನು ಮುಟ್ಟಿ ಅದೇ ವಾರ ನಮ್ಮ ಜಿಲ್ಲೆಗಳಲ್ಲಿ ಗುಡ್ಡ ಕುಸಿಯುವಷ್ಟು ಸುರಿಯಿತು. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತದ ಗೊಂದಲದ ನಡುವೆ ಅದು ಕೇರಳ ತಲುಪಿದ್ದೇ ಜೂನ್ 8ಕ್ಕೆ, ಆಮೇಲೆ ಬಂದ ಆಗಸ್ಟ್ ತಿಂಗಳು ದೇಶದ ಮಟ್ಟಿಗೆ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಇನ್ನು 2020ರ ಸೆಪ್ಟೆಂಬರ್ 20ರಂದು, ಮಳೆಗಾಲ ಮುಗಿಯುತ್ತ ಬಂತೆಂದು ಜನ ನೆಮ್ಮದಿಯಾಗಿದ್ದಾಗ, ಒಂದೇ ರಾತ್ರಿಯ ಮಳೆಗೆ ಹೊಳೆ, ತೋಡುಗಳು ದಂಡೆ ಮೀರಿ ಉಡುಪಿಯ ಕಲ್ಸಂಕ, ಬೈಲಕೆರೆಯ ಸುತ್ತಮುತ್ತ ಮನೆಗಳ ಒಳಗೆ ನೀರು ನಿಂತಿತು. ಮಣ್ಣು ಕುಡಿಯಬಲ್ಲ ವೇಗಕ್ಕೆ ಒಂದು ಮಿತಿಯಿದೆ. 200 ಮಿಲಿಮೀಟರ್ ಮಳೆ ಹತ್ತು ದಿನಗಳಲ್ಲಿ ಹಂಚಿ ಬಿದ್ದರೆ ಅದರ ಬಹುಪಾಲು ನೆಲಕ್ಕಿಳಿಯುತ್ತದೆ. ಅದೇ 200 ಮಿಲಿಮೀಟರ್ ಒಂದು ರಾತ್ರಿಯಲ್ಲಿ ಬಿದ್ದರೆ ಬಹುಪಾಲು ಹೊಳೆಗಿಳಿಯುತ್ತದೆ. ಮಳೆಮಾಪಕದಲ್ಲಿ ಎರಡೂ ಒಂದೇ.

ಹಾಗೆಂದು ಎಲ್ಲವನ್ನೂ ಜಾಗತಿಕ ತಾಪಮಾನದ ತಲೆಗೆ ಕಟ್ಟುವುದು ಸರಿಯಲ್ಲ, ಮತ್ತು ಅದು ಸ್ಥಳೀಯ ಆಡಳಿತಕ್ಕೆ ಬಹಳ ಅನುಕೂಲವಾದ ವಾದವೂ ಹೌದು. ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ 1923ರ ಮತ್ತು 1974ರ ನೆರೆಗಳು ಇಂದಿನ ಮಟ್ಟದ ತಾಪಮಾನ ಏರಿಕೆಗೆ ಮೊದಲೇ ಬಂದವು. ಘಟ್ಟದ ಬುಡದ ಹೊಳೆಗೆ ನೆರೆ ಹೊಸದಲ್ಲ. ಬೇಸಗೆಯ ಹರಿವು ಇಷ್ಟು ಬೇಗ ಸೋರಿಹೋಗುತ್ತಿರುವುದಕ್ಕೆ ದೊಡ್ಡ ಕಾರಣ ನೆಲದಲ್ಲಿ ಆಗಿರುವ ಬದಲಾವಣೆ, ಮತ್ತು ಅದನ್ನು ಮಾಡಿದವರು ನಾವೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಮಾತಾಡಬೇಕಾಗಿದೆ.

ಕರಾವಳಿಯ ಭೂಮಿಯ ರಚನೆಯನ್ನು ಗಮನಿಸಿದರೆ ಮೂರು ಮಜಲುಗಳು ಕಾಣುತ್ತವೆ. ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಸಮತಟ್ಟು ನೆಲವಾದ ಪದವು, ನಡುವೆ ಇಳಿಜಾರಿನ ಗುಡ್ಡ ಮತ್ತು ಮರಗಿಡಗಳ ಹಾಡಿ, ಕೆಳಗೆ ಗದ್ದೆಯ ಬೈಲು. ಪದವು ನೋಡಲು ಬರಡು. ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಕಾದ ಕಲ್ಲು. ಆದ್ದರಿಂದಲೇ ಸರಕಾರಿ ದಾಖಲೆಗಳಲ್ಲಿ ಅದು ಪಾಳುಭೂಮಿಯೆಂದು ಗುರುತಾಗಿ, ವಿಮಾನ ನಿಲ್ದಾಣ, ಕೈಗಾರಿಕಾ ವಲಯ, ಕಾಲೇಜು, ಬಡಾವಣೆ, ಕಸದ ರಾಶಿ ಹೀಗೆ ಯಾವುದಕ್ಕೆ ಜಾಗ ಬೇಕಾದರೂ ಮೊದಲ ಕಣ್ಣು ಬೀಳುವುದು ಪದವಿನ ಮೇಲೆ. ಆದರೆ ಮುರಕಲ್ಲು ಮೈತುಂಬ ತೂತುಗಳಿರುವ ಕಲ್ಲು. ಪದವಿನ ಬಿರುಕುಗಳಲ್ಲಿ, ಹೊಂಡಗಳಲ್ಲಿ, ಹಿಂದಿನವರು ಗುಡ್ಡದ ನೆತ್ತಿಯಲ್ಲಿ ತೋಡಿಸಿದ ಮದಕಗಳೆಂಬ ಕೆರೆಗಳಲ್ಲಿ ನಿಂತ ನೀರು ಜರಡಿಯಲ್ಲಿ ಇಳಿದಂತೆ ಒಳಗಿಳಿದು, ತಗ್ಗಿನ ಬಾವಿಗಳಿಗೂ ತೋಡುಗಳಿಗೂ ವರ್ಷದ ಕೊನೆಯವರೆಗೆ ಬರುತ್ತಿತ್ತು. ವಿಟ್ಲ, ಅಡ್ಯನಡ್ಕದ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನೀರು ಸಿಗುವುದೂ ಇದೇ ಕಾರಣಕ್ಕೆ.

ಮುರಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣಿದೆ. ಬಿಳಿ, ಗುಲಾಬಿ, ಹಳದಿ ಬಣ್ಣದ ಈ ಮೆತ್ತನೆಯ ಮಣ್ಣು ಮುಚ್ಚಿರುವವರೆಗೆ ಗಟ್ಟಿ. ಒಮ್ಮೆ ಮೇಲಿನ ಕಲ್ಲು ಹೋಗಿ ಮಳೆಗೆ ಬಿಚ್ಚಿಕೊಂಡರೆ ನೀರಿನೊಡನೆ ಕರಗಿದ ಹಾಗೆ ಹರಿದುಬಿಡುತ್ತದೆ. ಕಲ್ಲಿನ ಕೋರೆಗಳು ಮುರಕಲ್ಲನ್ನು ಕತ್ತರಿಸಿ ತೆಗೆದು ಶೇಡಿಯನ್ನು ಬಯಲು ಮಾಡುತ್ತವೆ. ರಸ್ತೆಗೋ ಸೈಟಿಗೋ ಜೆಸಿಬಿಯಿಂದ ಗುಡ್ಡವನ್ನು ನೆಟ್ಟಗೆ ಕಡಿದಾಗಲೂ ಅದೇ ಆಗುತ್ತದೆ. ಒಂದು ಕಡೆ ನೀರು ಇಳಿಯುವ ಪದರ ಹೋಯಿತು, ಇನ್ನೊಂದು ಕಡೆ ಹೊಳೆಗೆ ಹೂಳು ಬಂತು. ಮಳೆಗಾಲದಲ್ಲಿ ಗುಡ್ಡ ಕುಸಿದ ಸುದ್ದಿಯೊಡನೆ ಬರುವ ಚಿತ್ರಗಳಲ್ಲಿ ಹಲವು ಬಾರಿ ಕಾಣುವುದು ಸ್ವಾಭಾವಿಕ ಇಳಿಜಾರಲ್ಲ, ಮನೆಯ ಹಿಂದೆ ಲಂಬವಾಗಿ ಕಡಿದ ಬರೆ.

ಬೈಲಿನ ಕತೆ ಇನ್ನೂ ಮುಖ್ಯ. ಮಳೆಗಾಲದ ಏಣಿಲು ಭತ್ತದ ಬೆಳೆಯ ಕಾಲದಲ್ಲಿ ಹುಣಿ (ಬದು) ಕಟ್ಟಿದ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ, ಎಕರೆಯೊಂದರಲ್ಲಿ ನಾಲ್ಕು ಲಕ್ಷ ಲೀಟರ್ ನೀರು ನಿಂತಂತಾಯಿತು. ಅದು ಜೂನ್‌ನಿಂದ ಅಕ್ಟೋಬರ್‌ವರೆಗೆ ತುಂಬುತ್ತ, ಇಂಗುತ್ತ, ಮತ್ತೆ ತುಂಬುತ್ತ ಇರುತ್ತದೆ. ಎಲ್ಲಿ ನೀರಿತ್ತೋ ಅಲ್ಲಿ ಸುಗ್ಗಿ, ಕೊಳಕೆ ಎಂಬ ಎರಡನೆಯ, ಮೂರನೆಯ ಭತ್ತದ ಬೆಳೆಗಳೂ ಆಗುತ್ತಿದ್ದವು. ಅವುಗಳಿಗಾಗಿ ಮಳೆ ನಿಂತ ಮೇಲೆ ಊರವರು ಸೇರಿ ತೋಡಿಗೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಹಾಕುತ್ತಿದ್ದರು. ಕಟ್ಟದ ಹಿಂದೆ ನಿಂತ ನೀರು ಬೇಸಾಯಕ್ಕೆ ಆದಂತೆಯೇ ಅಕ್ಕಪಕ್ಕದ ಬಾವಿಗಳಿಗೂ ಆಗುತ್ತಿತ್ತು. ಕೂಲಿಗೆ ಜನ ಸಿಗದೆ, ಭತ್ತದಿಂದ ಖರ್ಚೂ ಹುಟ್ಟದೆ ಗದ್ದೆಗಳು ಉಳುವವರಿಲ್ಲದೆ ಹಡಿಲು ಬಿದ್ದ ಮೇಲೆ ಹುಣಿಗಳು ಒಡೆದವು, ಕಟ್ಟ ಹಾಕುವವರೂ ಇಲ್ಲವಾದರು. 2021ರಲ್ಲಿ ಉಡುಪಿಯ ಸುತ್ತ ಹಡಿಲು ಭೂಮಿಯನ್ನು ಮತ್ತೆ ಉಳುವ ಆಂದೋಲನ ನಡೆದಾಗ ಸುದ್ದಿಯಾದದ್ದು ಅಕ್ಕಿಯ ಇಳುವರಿ. ಅದರಿಂದ ಇಂಗಿದ ನೀರನ್ನು ಅಳೆಯುವ ವ್ಯವಸ್ಥೆ ಇದ್ದಿದ್ದರೆ ಆ ಕೆಲಸಕ್ಕೆ ಇನ್ನೂ ಗಟ್ಟಿಯಾದ ಸಮರ್ಥನೆ ದೊರೆಯುತ್ತಿತ್ತು. ನಗರದೊಳಗಿನ ಬೈಲುಗಳಂತೂ ಕೆಂಪುಮಣ್ಣು ತುಂಬಿಸಿಕೊಂಡು ಸೈಟುಗಳಾಗಿವೆ. ಮಂಗಳೂರಿನ ಪಂಪ್‌ವೆಲ್, ಕೊಟ್ಟಾರ ಚೌಕಿಗಳಲ್ಲಿ ಪ್ರತಿ ಮಳೆಗಾಲ ರಸ್ತೆಯ ಮೇಲೆ ನಿಲ್ಲುವ ನೀರು ಬೈಲು, ತೋಡುಗಳಿದ್ದ ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಬಂದಿರುತ್ತದೆ.

ಗದ್ದೆ ಹೋದ ಕಡೆಗಳಲ್ಲಿ ಅಡಿಕೆ ಬಂದಿದೆ, ಗುಡ್ಡಗಳಿಗೆ ರಬ್ಬರ್ ಬಂದಿದೆ. ರೈತರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಭತ್ತ ಕೊಡದ ಬದುಕನ್ನು ಅಡಿಕೆ ಕೊಟ್ಟಿದೆ. ಆದರೆ ನೀರಿನ ಲೆಕ್ಕ ಮಾತ್ರ ತಿರುವುಮುರುವಾಯಿತು. ಏಣಿಲಿನ ಗದ್ದೆ ಮಳೆಗಾಲದಲ್ಲಿ ನೀರು ಹಿಡಿಯುತ್ತಿತ್ತು, ಅಡಿಕೆ ತೋಟ ಬೇಸಗೆಯಲ್ಲಿ ನೀರು ಕೇಳುತ್ತದೆ. ಬಿರುಬೇಸಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಎಂಬ ಶಿಫಾರಸನ್ನು ಹಿಡಿದು, ಎಕರೆಗೆ 550 ಮರಗಳೆಂದು ಲೆಕ್ಕ ಹಾಕಿದರೆ ದಿನಕ್ಕೆ ಎಕರೆಗೆ 24 ಸಾವಿರ ಲೀಟರ್ ಬೇಕು. ಆರೂವರೆ ಸಾವಿರ ಎಕರೆ ತೋಟ ಇಡೀ ಮಂಗಳೂರು ನಗರದಷ್ಟೇ ನೀರು ಕೇಳುತ್ತದೆ, ಅದೂ ಹೊಳೆ ತೀರ ಸೊರಗಿದ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ. ಅದರಲ್ಲಿ ಒಂದು ಪಾಲು ಮತ್ತೆ ಮಣ್ಣಿಗಿಳಿಯುತ್ತದೆ ನಿಜ. ಹನಿ ನೀರಾವರಿ ಮಾಡಿದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುವುದರಿಂದ ಬೇಡಿಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂಬುದೂ ನಿಜ. ಕೊರತೆಯ ವರ್ಷಗಳಲ್ಲಿ ನಗರಕ್ಕೆ ಕುಡಿಯುವ ನೀರು ಉಳಿಸಲು ಹೊಳೆಬದಿಯ ತೋಟಗಳ ಪಂಪ್‌ಸೆಟ್‌ಗಳಿಗೆ ಕರೆಂಟ್ ಕಡಿಯುವುದು ಆಡಳಿತ ಕೈಗೊಳ್ಳುವ ಸುಲಭದ ಕ್ರಮ. ನಗರದ ಕೊಳವೆಗಳಲ್ಲಿ ಸೋರಿಹೋಗುವ ನೀರಿಗೆ ಅಷ್ಟೇ ಬಿಗಿ ತೋರಿದ್ದರೆ ರೈತರ ಸಿಟ್ಟು ಇಷ್ಟಿರುತ್ತಿರಲಿಲ್ಲ.

ಕಾಡಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಾಡಿದ್ದರೆ ಹೊಳೆಯಲ್ಲಿ ನೀರು ಹೆಚ್ಚು ಎಂಬ ಸರಳ ಮಾತನ್ನು ಜಲವಿಜ್ಞಾನ ಹಾಗೆಯೇ ಒಪ್ಪುವುದಿಲ್ಲ. ಮರಗಳು ತಾವೇ ನೀರು ಕುಡಿದು ಎಲೆಗಳ ಮೂಲಕ ಗಾಳಿಗೆ ಬಿಡುತ್ತವೆ. ಕಾಡು ಕಡಿದ ಕಣಿವೆಯಲ್ಲಿ ವರ್ಷದ ಒಟ್ಟು ಹರಿವು ಸಾಮಾನ್ಯವಾಗಿ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಕಾಡಿನ ಮಣ್ಣು ಮಾಡುವ ಉಪಕಾರ ಬೇರೆ. ಬೇರು, ತರಗೆಲೆ, ಗೆದ್ದಲು, ಎರೆಹುಳುಗಳಿಂದ ಸಡಿಲವಾದ ಆ ಮಣ್ಣಿಗೆ ಜೋರು ಮಳೆಯನ್ನೂ ಒಳಗೆಳೆದುಕೊಳ್ಳುವ ಶಕ್ತಿಯಿರುತ್ತದೆ. ದನ ಮೇದು, ಸೊಪ್ಪು ಗುಡಿಸಿ, ತುಳಿದು ಗಟ್ಟಿಯಾದ ನೆಲಕ್ಕೆ ಅದಿರುವುದಿಲ್ಲ. ನಮಗಿಂತ ಉತ್ತರಕ್ಕಿರುವ ಉತ್ತರ ಕನ್ನಡದ ಸಣ್ಣ ಹಳ್ಳಗಳಲ್ಲಿ ನಡೆಸಿದ ಅಳತೆಗಳಲ್ಲಿ, ಹಾಳಾದ ನೆಲಕ್ಕಿಂತಲೂ ಅಕೇಶಿಯಾ ನೆಡುತೋಪಿಗಿಂತಲೂ ಸಹಜ ಕಾಡಿನ ಕಣಿವೆಯಲ್ಲಿ ಮಳೆ ಬಂದ ಕೂಡಲೇ ಹರಿದುಹೋಗುವ ಪಾಲು ಕಡಿಮೆಯಿದ್ದುದು ಕಂಡುಬಂದಿದೆ. ಹಸಿರು ಕಂಡಲ್ಲೆಲ್ಲ ಕಾಡು ಎಂದು ಲೆಕ್ಕ ಹಿಡಿಯುವ ಉಪಗ್ರಹ ಚಿತ್ರದಲ್ಲಿ ರಬ್ಬರ್ ತೋಟವೂ ಘಟ್ಟದ ಶೋಲೆ ಕಾಡೂ ಒಂದೇ ಬಣ್ಣ.

ನೇತ್ರಾವತಿಯ ಕಣಿವೆಯ ಕುರಿತು ಗಣಕ ಮಾದರಿಗಳ ನೆರವಿನಿಂದ ಮಾಡಿದ ಅಧ್ಯಯನಗಳೂ ಈ ಮಾತಿಗೆ ಹತ್ತಿರವಾಗಿವೆ: ಎಪ್ಪತ್ತರ ದಶಕದಿಂದೀಚೆಗೆ ಕಾಡು ಕಡಿಮೆಯಾಗಿ ಊರು, ತೋಟಗಳು ಹೆಚ್ಚಿದ್ದರಿಂದ ಮೇಲ್ಮೈ ಹರಿವೂ ಹೂಳೂ ಹೆಚ್ಚುತ್ತ ಬಂದಿವೆ. ವಾರ್ಷಿಕ ಮೊತ್ತವನ್ನಷ್ಟೇ ನೋಡುವವರಿಗೆ ಇದು ಒಳ್ಳೆಯ ಸುದ್ದಿಯಂತೆ ಕಾಣಬಹುದು, ಮತ್ತು ಎತ್ತಿನಹೊಳೆ ಯೋಜನೆಯ ಚರ್ಚೆ ದಾರಿ ತಪ್ಪಿದ್ದು ಇಲ್ಲಿಯೇ. ಸಕಲೇಶಪುರದ ಕಡೆಯ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರುವ ತೊರೆಗಳು. ಅವುಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ತೊರೆಗಳಲ್ಲಿ ಸಿಗುವುದೇ 9.55 ಟಿಎಂಸಿ ಎಂದು ಹೇಳಿತ್ತು. ಅಂದಿನಿಂದ ಪರ–ವಿರೋಧದ ಮಾತೆಲ್ಲ ಈ ಎರಡು ಅಂಕಿಗಳ ಸುತ್ತ ನಡೆದಿದೆ. ಸಮುದ್ರಕ್ಕೆ ವ್ಯರ್ಥವಾಗಿ ಹೋಗುವ ನೀರನ್ನು ತಾನೇ ಒಯ್ಯುವುದು ಎಂಬ ವಾದಕ್ಕೆ, ಅಳಿವೆಯ ಮೀನು, ಸಮುದ್ರದಂಚಿಗೆ ಮರಳು, ಉಪ್ಪನ್ನು ತಡೆಯುವ ಸಿಹಿನೀರಿನ ಒತ್ತಡ ಇವೆಲ್ಲ ಆ ನೀರಿನಿಂದಲೇ ಎಂಬ ಉತ್ತರವಿದೆ. ಅದಕ್ಕಿಂತ ಹರಿತವಾದ ಪ್ರಶ್ನೆಯೊಂದನ್ನು ಯಾರೂ ಹೆಚ್ಚು ಕೇಳಲಿಲ್ಲ: ಕಾಡಿನ ನಡುವೆ ಅಗೆದು, ಗುಡ್ಡ ಕಡಿದು, ಕೊಳವೆ ಹೂತ ಮೇಲೆ ಆ ಇಳಿಜಾರುಗಳಿಂದ ಜನವರಿಯ ನಂತರ ಕೆಳಗೆ ಬರುವ ಒರತೆಯ ನೀರು ಎಷ್ಟು ಉಳಿದಿದೆ? ಮಳೆಗಾಲದ ನೀರನ್ನು ಒಯ್ದದ್ದಕ್ಕಿಂತ ಬೇಸಗೆಯ ಒರತೆಯನ್ನು ಕೆಡಿಸಿದ್ದು ಕೆಳಗಿನವರಿಗೆ ಹೆಚ್ಚು ನಷ್ಟದ ವಿಷಯ.

ನೀರು ಬರುವ ಹೊತ್ತಿನ ಮಹತ್ವಕ್ಕೆ ಉಡುಪಿ ಜಿಲ್ಲೆಯಲ್ಲಿಯೇ ಒಂದು ವಿಚಿತ್ರವಾದ ಸಾಕ್ಷಿಯಿದೆ. ವಾರಾಹಿ ಹೊಳೆಗೆ ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿ, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ನೀರು ಬಿಡಲಾಗುತ್ತದೆ. ವಿದ್ಯುತ್ತಿಗೆ ಬೇಡಿಕೆ ಬೇಸಗೆಯಲ್ಲೂ ಇರುವುದರಿಂದ ಯಂತ್ರ ತಿರುಗಿಸಿ ಹೊರಬಂದ ನೀರು ಸೀತೆ, ಸ್ವರ್ಣೆಗಳು ಸೊರಗಿದ ದಿನಗಳಲ್ಲಿಯೂ ವಾರಾಹಿಯಲ್ಲಿ ಹರಿಯುತ್ತಿರುತ್ತದೆ. ಉಡುಪಿ ನಗರಕ್ಕೆ ಅಲ್ಲಿಂದ ನೀರು ತರುವ ಯೋಜನೆ ರೂಪುಗೊಂಡದ್ದೂ ಆ ಭರವಸೆಯ ಮೇಲೆಯೇ. ಆದರೆ ಕಾಡು ಮುಳುಗಿಸಿ ಕಟ್ಟಿದ ಅಂಥ ಜಲಾಶಯಗಳನ್ನು ಪ್ರತಿ ಹೊಳೆಗೂ ಕಟ್ಟಲಾಗದು, ಕಟ್ಟಲೂಬಾರದು.

ಸರಕಾರ ಆರಿಸಿಕೊಂಡಿರುವ ದಾರಿ, ಮಳೆಗಾಲದಲ್ಲಿ ತೆರೆದಿದ್ದು ಬಳಿಕ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳದ್ದು. ಪಶ್ಚಿಮ ವಾಹಿನಿ ಯೋಜನೆಯಡಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇವು ಸಾಲುಸಾಲಾಗಿ ಎದ್ದಿವೆ. ನೇತ್ರಾವತಿಯಲ್ಲಿಯೇ ಬಿಳಿಯೂರು, ಜಕ್ರಿಬೆಟ್ಟು, ಹರೇಕಳದಂಥ ಹೆಸರುಗಳನ್ನು ಹೇಳಬಹುದು. ಊರವರ ಹಳೆಯ ಕಟ್ಟಗಳ ಕೆಲಸವನ್ನೇ ಇವು ದೊಡ್ಡದಾಗಿ ಮಾಡುತ್ತವೆ. ದಡದ ಬಾವಿಗಳಲ್ಲಿ ನೀರೇರುತ್ತದೆ, ಅಳಿವೆಯ ಕಡೆ ಉಪ್ಪುನೀರು ಮೇಲೆ ಬರುವುದು ತಡೆಯಲ್ಪಡುತ್ತದೆ. ಆದರೆ ಕಿಂಡಿ ಅಣೆಕಟ್ಟು ಹೊಳೆಯಲ್ಲಿ ಬಂದ ನೀರನ್ನು ಹಿಡಿಯಬಲ್ಲದೇ ಹೊರತು ಬಾರದ ಒರತೆಯನ್ನು ತರಲಾರದು. ಮೇಲಿನಿಂದ ಬರುವ ಹರಿವು ಫೆಬ್ರವರಿಗೇ ನಿಂತರೆ ಒಂದರ ಹಿಂದೆ ಒಂದರಂತೆ ಹತ್ತು ಅಣೆಕಟ್ಟುಗಳಿದ್ದರೂ ಕೆಳಗಿನವು ಮೇಲಿನವು ಬಿಡುವ ನೀರಿಗಾಗಿ ಕಾಯಬೇಕು. ಹೂಳು ತುಂಬಿದರೆ ಇದ್ದ ಜಾಗವೂ ಹೋಯಿತು. ಅದರ ಜತೆಗೆ ಮಿತಿಮೀರಿ ಮರಳು ತೆಗೆದ ಕಡೆ ಹೊಳೆಯ ತಳವೇ ಕೆಳಗಿಳಿದು, ದಡದ ಬಾವಿಗಳ ನೀರೂ ಅದರೊಡನೆ ಇಳಿಯುತ್ತದೆ.

ಬದಲಾದ ಮಳೆ ಈ ಅಣೆಕಟ್ಟುಗಳನ್ನು ನಡೆಸುವ ಕ್ರಮವನ್ನೂ ಕಷ್ಟಕ್ಕೆ ದೂಡಿದೆ. ಮಳೆ ಪೂರ್ತಿ ನಿಂತಿತೆಂದು ಖಾತ್ರಿಯಾದ ಮೇಲೆ, ಹೆಚ್ಚಾಗಿ ನವೆಂಬರ್–ಡಿಸೆಂಬರಿನಲ್ಲಿ, ಕಿಂಡಿಗಳಿಗೆ ಹಲಗೆ ಹಾಕಿ, ಮುಂಗಾರಿನ ಮೊದಲು ತೆಗೆಯುವುದು ರೂಢಿ. ಹಲಗೆ ಹಾಕಲು ತಡವಾದರೆ ಹೊಳೆಯ ಹರಿವು ಆಗಲೇ ಇಳಿದುಹೋಗಿ ಕಟ್ಟ ತುಂಬುವುದಿಲ್ಲ. ಬೇಗ ಹಾಕಿದಾಗ ಹಿಂಗಾರಿನ ಒಂದು ಜೋರು ಮಳೆ ಬಂದರೆ ಕಸ, ಮರದ ದಿಮ್ಮಿಗಳು ಬಂದು ಕಿಂಡಿಗೆ ಸಿಕ್ಕಿ ನೀರು ಪಕ್ಕದ ತೋಟವನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ. ಮೇಯಲ್ಲಿಯೂ ಇದೇ ಸಂಕಟ: 2025ರಂಥ ವರ್ಷದಲ್ಲಿ ಮೇ ಮೂರನೆಯ ವಾರಕ್ಕೇ ಹಲಗೆ ತೆಗೆದಿರಬೇಕು, 2023ರಂಥ ವರ್ಷದಲ್ಲಿ ಜೂನ್ ಎರಡನೆಯ ವಾರದವರೆಗೂ ಹನಿ ನೀರನ್ನೂ ಬಿಡಬಾರದು. ತುಂಬೆಯಂಥ ದೊಡ್ಡ ಅಣೆಕಟ್ಟಿನಲ್ಲಿ ಯಂತ್ರಚಾಲಿತ ಬಾಗಿಲುಗಳಿರುವುದರಿಂದ ಇದನ್ನು ಕೆಲವೇ ಗಂಟೆಗಳಲ್ಲಿ ನಿರ್ಧರಿಸಿ ಮುಗಿಸಬಹುದು. ಹಳ್ಳಿಯ ತೋಡಿನ ಕಿಂಡಿಗಳಲ್ಲಿ ಹಲಗೆಯನ್ನು ಕೈಯಿಂದ ಎಳೆಯಬೇಕು, ಅದಕ್ಕೆ ಆಳು ಬೇಕು, ಆಳಿಗೆ ಕೊಡುವ ಹಣ ಪಂಚಾಯತಿನದೋ ಸಣ್ಣ ನೀರಾವರಿ ಇಲಾಖೆಯದೋ ಫಲಾನುಭವಿಗಳದ್ದೋ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಜತೆಗೆ ಹವಾಮಾನ ಇಲಾಖೆಯ ಮುನ್ಸೂಚನೆ ಆ ತೋಡಿನ ಉಸ್ತುವಾರಿಯವರನ್ನು ಎರಡು ದಿನ ಮೊದಲು ತಲುಪಿರಬೇಕು.